ಸ್ತೋತ್ರ ಮಾಮ

ಬೆಳಿಗ್ಗೆ 5 ಗಂಟೆ 10 ನಿಮಿಷಕ್ಕೆ ನನ್ನ ಮೊಬೈಲು ಒಮ್ಮೆ ‘ಟಿಣ್’ ಅನ್ನುತ್ತದೆ. ಅಲಾರಂ ಅಲ್ಲ, ಅಲಾರಂ ಆದರೆ ಬಾಯಿ ಮುಚ್ಚಿಸಬಹುದು. ಅದು ಸ್ತೋತ್ರ ಮಾಮ. ಸೂರ್ಯೋದಯದ ಚಿತ್ರ, ಅದರ ಮೇಲೆ ಸತ್ಯವೇದದ ಒಂದು ವಚನ, ಕೆಳಗೆ ಹಬೆಯಾಡುವ ಬಿಸಿನೀರಿನ ಲೋಟ. ಐದು ನಿಮಿಷ ಬಿಟ್ಟು ಇನ್ನೊಂದು ಟಿಣ್: ‘ಎದ್ದಿಯಾ?’ ಅಪ್ಪಿತಪ್ಪಿ ನೀಲಿ ಟಿಕ್ಕು ಬಿತ್ತೋ, ನಾನು ಎದ್ದದ್ದಕ್ಕೆ ಸಾಕ್ಷಿ ಸಿಕ್ಕಿದ ಹಾಗೆ. ಆರಕ್ಕೆ ಗೇಟಿನಲ್ಲಿ ಹಾಜರು.

ಮಂಗಳೂರಿನ ಪ್ರಾಟೆಸ್ಟಂಟ್ ಸಭೆಗಳಲ್ಲಿ ಇಂಥ ಮಾಮ ಒಬ್ಬರಾದರೂ ಇದ್ದೇ ಇರುತ್ತಾರೆ. ಬ್ಯಾಂಕಿನಿಂದಲೋ ಶಾಲೆಯಿಂದಲೋ ನಿವೃತ್ತಿ, ಬಿಳಿ ಕ್ಯಾನ್ವಾಸ್ ಶೂ, ನಾಯಿಗಳಿಗೆಂದು ಒಂದು ಕೋಲು, ಜೇಬಿನಲ್ಲಿ ಎರಡು ನೆಲ್ಲಿಕಾಯಿ. ನಮ್ಮವರು ಬಲ್ಮಠದಿಂದ ಹೊರಟು ಕದ್ರಿ ಪಾರ್ಕಿಗೆ ಎರಡು ಸುತ್ತು ಹಾಕಿ, ನಮ್ಮ ಗೇಟಿಗೆ ಸಿಕ್ಕಿಸಿದ ಪೇಪರನ್ನು ನಮಗಿಂತ ಮೊದಲು ಓದಿ, ಸರಿಯಾಗಿ ಮಡಚಿಟ್ಟು ಹೋಗುತ್ತಾರೆ. ಮಿತವ್ಯಯವೂ ಶಿಸ್ತೇ ಅಲ್ಲವೇ?

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆದರೆ ‘ಹೇಗಿದ್ದೀರಿ ಮಾಮ?’ ಎಂದರೆ ಉತ್ತರ ‘ಸ್ತೋತ್ರ’ದಿಂದ ಶುರುವಾಗಿ ಕರುಳಿನಲ್ಲಿ ಮುಗಿಯುತ್ತದೆ. ಶುಗರ್ ಇಳಿಯಿತು, ಸ್ತೋತ್ರ. ರಾತ್ರಿ ಒಂದೇ ಸಲ ಎದ್ದದ್ದು, ಸ್ತೋತ್ರ. ಬೆಳಿಗ್ಗೆ ಹೊಟ್ಟೆ ಸಲೀಸಾಯಿತು, ಅದಕ್ಕೆ ವಿಶೇಷ ಸ್ತೋತ್ರ. ಎದುರಿನವನು ಆಗ ಮೊಟ್ಟೆ ಆಮ್ಲೆಟ್ ತಿನ್ನುತ್ತಿದ್ದರೂ ಇವರಿಗೆ ಅಡ್ಡಿಯಿಲ್ಲ.

ಅವರದ್ದೊಂದು ಕೃತಜ್ಞತೆಯ ಪುಸ್ತಕ ಉಂಟು. ಬ್ಯಾಂಕಿನಲ್ಲಿದ್ದಾಗಿನ ಉದ್ದನೆಯ ಲೆಡ್ಜರು. ಎಡಗಡೆ ದೇವರು ಕೊಟ್ಟದ್ದು, ಬಲಗಡೆ ತಾನು ಮಾಡಿದ್ದು. ಒಮ್ಮೆ ಅವರು ಸ್ನಾನಕ್ಕೆ ಹೋದಾಗ ಕದ್ದು ನೋಡಿದೆ. ‘ಮಳೆ ಆರಕ್ಕೆ ನಿಂತಿತು. ಬಂಗುಡೆ ತಾಜಾ, ಕಿಲೋಗೆ 20 ರೂಪಾಯಿ ಕಡಿಮೆ. ಮೊಣಕಾಲು ನೋಯಲಿಲ್ಲ.’ ಒಂದು ಭಾನುವಾರದ ಎದುರು ಕೆಂಪು ಶಾಯಿಯಲ್ಲಿ: ‘ಅಯ್ಯನವರ ಪ್ರಸಂಗ 18 ನಿಮಿಷದಲ್ಲಿ ಮುಗಿಯಿತು.’ ಕೆಳಗೆ ಎರಡು ಗೆರೆ. ಪುಟದ ಕೊನೆಗೆ ಶಿಲ್ಕು ತೆಗೆದಿದ್ದರು. ಪ್ರತಿದಿನವೂ ಬಾಕಿ ಇವರ ಕಡೆಯೇ. ದೇವರಿಗೆ ಸಾಲ ಉಳಿಸಿಕೊಂಡು ಇಷ್ಟು ಸುಖವಾಗಿ ನಿದ್ದೆಹೋಗುವ ಇನ್ನೊಬ್ಬ ಬ್ಯಾಂಕಿನವರನ್ನು ನಾನು ಕಂಡಿಲ್ಲ.

ಈ ಲೆಕ್ಕ, ಈ ಗಡಿಯಾರ ಅವರ ಸ್ವಂತದ್ದಲ್ಲ, ಬಳುವಳಿ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. ಸುವಾರ್ತೆಯ ಹಿಂದೆಯೇ ಮುದ್ರಣಾಲಯ, ಮಗ್ಗ, ಹೆಂಚು ಎಲ್ಲ ಬಂದವು. 1865ರಲ್ಲಿ ಶುರುವಾದ ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ಮಾಮನ ಅಜ್ಜ ಕೆಲಸಕ್ಕಿದ್ದರಂತೆ. ಗಂಟೆ ಹೊಡೆಯುವ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದರಂತೆ. ಆ ಗಂಟೆ ಈ ಮೊಮ್ಮಗನ ಕಿವಿಯಲ್ಲಿ ಇನ್ನೂ ಬಡಿಯುತ್ತಲೇ ಇದೆ. ಅಜ್ಜ ಮಾತ್ರ ಅದನ್ನು ಊರಿಗೆಲ್ಲ ಕೇಳಿಸುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

‘ಕಿಟ್ಟೆಲರು ನಿನ್ನ ಹಾಗೆ ಎಂಟರವರೆಗೆ ಮಲಗಿದ್ದರೆ ಆ ನಿಘಂಟು ಆಗ್ತಿತ್ತಾ ಮಾರಾಯ?’ ಎಂದು ಒಮ್ಮೆ ಕೇಳಿದರು.

‘ಅವರು ಬಂದದ್ದು 1853ರಲ್ಲಿ, ನಿಘಂಟು ಬಂದದ್ದು 1894ರಲ್ಲಿ ಮಾಮ. ನನಗೂ 41 ವರ್ಷ ಕೊಡಿ’ ಎಂದೆ.

ಅಂದಿನಿಂದ ಕಿಟ್ಟೆಲರ ಹೆಸರು ನಮ್ಮ ಗೇಟಿನ ಹತ್ತಿರ ಬಂದಿಲ್ಲ.

ಸತ್ಯವೇದ ಅವರ ಕೈಯಲ್ಲಿ ಒಂದು ಆರೋಗ್ಯ ಕೈಪಿಡಿ. ಸೋಮಾರಿಗೆ ಇರುವೆಯನ್ನು ತೋರಿಸಿದ ಜ್ಞಾನೋಕ್ತಿ ಸಂಡೇ ಸ್ಕೂಲಿನ ಮಕ್ಕಳಿಗೆ ಪ್ರತಿ ಜೂನ್ ತಿಂಗಳಲ್ಲಿ. ದೇಹವೇ ದೇವಾಲಯ ಎಂಬ ಪೌಲನ ಮಾತು ನನ್ನ ಹೊಟ್ಟೆ ನೋಡಿದಾಗಲೆಲ್ಲ; ‘ದೇವಾಲಯ ವಿಸ್ತರಣೆಗೆ ಕಮಿಟಿಯ ಒಪ್ಪಿಗೆ ಸಿಕ್ಕಿತಾ?’ ಎಂದು ಸೇರಿಸುತ್ತಾರೆ. ಆದರೆ ತಿಮೊಥೆಯನಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ ಅದೇ ಪೌಲ, ದೇಹದ ಕಸರತ್ತಿನಿಂದ ಸಿಗುವ ಲಾಭ ಅಲ್ಪ ಎನ್ನುತ್ತಾನೆ. ಆ ಪುಟ ಮಾಮನ ಸತ್ಯವೇದದಲ್ಲಿ ಅಂಟಿಕೊಂಡಿರಬೇಕು. 5ನೇ ಅಧ್ಯಾಯ ಮಾತ್ರ ಚೆನ್ನಾಗಿ ತೆರೆದುಕೊಳ್ಳುತ್ತದೆ. ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ತಿಮೊಥೆಯನಿಗೆ ಹೇಳಿದ್ದು ಅಲ್ಲಿ. ಮಾಮಿ ಭರಣಿಯಲ್ಲಿ ಹಾಕಿಟ್ಟ ವೈನು ಸೋಸುವ ಕ್ರಿಸ್ಮಸ್ ವಾರದಲ್ಲಿ ಮಾಮನ ಹೊಟ್ಟೆ ತಪ್ಪದೆ ಕೆಡುತ್ತದೆ.

ಲೆಂಟ್ ಕಾಲದ ಲೆಕ್ಕವಂತೂ ಕೇಳಲೇಬೇಕು. ಒಂದು ವರ್ಷ ದಾನಿಯೇಲನಂತೆ ಹತ್ತು ದಿನ ಬರೀ ಕಾಯಿಪಲ್ಲೆ ಮತ್ತು ನೀರು ಎಂದು ಸಭೆಯಲ್ಲೇ ಘೋಷಿಸಿದರು. ಬೂದಿ ಬುಧವಾರ ಹರಿವೆ ಸೊಪ್ಪು, ಗುರುವಾರ ತೊಂಡೆಕಾಯಿ, ಶುಕ್ರವಾರ ಮತ್ತೆ ಹರಿವೆ. ಶನಿವಾರ ನಮ್ಮ ಮನೆಯ ಮುಂದೆ ಹಾದುಹೋಗುವಾಗ ಒಗ್ಗರಣೆಯ ಪರಿಮಳಕ್ಕೆ ನಡಿಗೆ ನಿಧಾನವಾಯಿತು. ಭಾನುವಾರ ಮಧ್ಯಾಹ್ನ ನೋಡಿದರೆ ಕೋರಿರೊಟ್ಟಿಯ ಎದುರು ಕೂತಿದ್ದಾರೆ! ರೊಟ್ಟಿ ಗರಿಗರಿಯಾಗಿ ಮುರಿದು, ಕೆಂಪು ಸಾರು ಹೊಯ್ದು, ಅದು ಪೂರ್ತಿ ಮೆತ್ತಗಾಗುವ ಮುಂಚಿನ ಆ ಅರೆಗಳಿಗೆಗೆ ಕಾಯುವ ಶಿಸ್ತು ಇದೆಯಲ್ಲ, ಅದನ್ನು ಅವರಿಂದಲೇ ಕಲಿಯಬೇಕು. ‘ಬೂದಿ ಬುಧವಾರದಿಂದ ಈಸ್ಟರಿನ ಮುನ್ನಾದಿನದವರೆಗೆ ಎಷ್ಟು ದಿನ? 46. ಲೆಂಟ್ ಎಷ್ಟು ದಿನ? 40. ಉಳಿದ ಆರು ಎಂತ ಹೇಳು? ಭಾನುವಾರಗಳು. ಲೆಕ್ಕಕ್ಕಿಲ್ಲ’ ಎಂದು ಎರಡನೇ ರೊಟ್ಟಿ ಮುರಿದರು. ಲೆಕ್ಕ ಸರಿಯಾಗಿಯೇ ಇತ್ತು. ದಾನಿಯೇಲ ಭಾನುವಾರ ಎಂತ ಮಾಡುತ್ತಿದ್ದ ಎಂದು ನಾನು ಕೇಳಲಿಲ್ಲ. ನನ್ನ ತಟ್ಟೆಗೂ ಬೀಳುತ್ತಿತ್ತು.

ಕಳೆದ ಜುಲೈಯಲ್ಲಿ ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲಲ್ಲಿ ಜಾರಿ ಮಾಮನ ಕಾಲು ಉಳುಕಿತು. ಎರಡು ವಾರ ಏಳಬಾರದು ಎಂದರು ಡಾಕ್ಟರು. ಸುದ್ದಿ ಹಬ್ಬಿದ್ದೇ ತಡ, ವರ್ಷಗಟ್ಟಲೆ ಉಪದೇಶ ತಿಂದವರೆಲ್ಲ ಬಡ್ಡಿಸಮೇತ ತೀರಿಸಲು ಬಂದರು. ಒಬ್ಬರು ಪ್ರಾಣಾಯಾಮ ಹೇಳಿಕೊಟ್ಟರು, ಒಬ್ಬರು ಎಣ್ಣೆ ತಂದರು, ಸ್ತ್ರೀಯರ ಸಂಘದವರು ಹಾಡು ಹಾಡಿ ಬನ್ಸ್ ತಿಂದು ಹೋದರು. ನಾನೂ ಬಿಡಲಿಲ್ಲ.

‘ಎಲ್ಲದಕ್ಕೂ ಸ್ತೋತ್ರ ಅಲ್ವಾ ಮಾಮ?’

ಮಾಮ ದಿಂಬಿನಿಂದ ತಲೆ ಎತ್ತಿದರು. ‘ಎಲ್ಲದರಲ್ಲಿ ಅಂತ ಉಂಟು ಥೆಸಲೊನೀಕದಲ್ಲಿ. ಎಲ್ಲದಕ್ಕೆ ಅಂತ ಇಲ್ಲ.’

‘ಎಫೆಸದಲ್ಲಿ ಉಂಟು’ ಎಂದರು ಮಾಮಿ, ಗಂಜಿಯ ಬಟ್ಟಲು ಇಡುತ್ತಾ. ಮತ್ತೆ ಒಳಗೆ ಹೋದವರು ಉಪ್ಪಿನಕಾಯಿ ಹಿಡಿದುಕೊಂಡು ಬಂದು ಹೇಳಿದರು: ‘ಎಲೀಯ ಸಾಕಪ್ಪಾ ಜೀವ ಅಂತ ಮರದ ಕೆಳಗೆ ಬಿದ್ದುಕೊಂಡಾಗ ದೇವದೂತ ಬಂದು ವಾಕಿಂಗಿಗೆ ಎಬ್ಬಿಸಲಿಲ್ಲ. ರೊಟ್ಟಿ ಕೊಟ್ಟ. ತಿಂದು ಪುನಃ ಮಲಗಿದ. ಪುನಃ ಕೊಟ್ಟ. ನೀವೂ ತಿಂದು ಮಲಗಿ.’

ಮಾಮ ಗಂಜಿ ಕುಡಿದರು. ಆದರೆ ಅವರ ಚಿಂತೆ ಬೇರೆಯೇ ಇತ್ತು. ದುಬೈಯಲ್ಲಿರುವ ಮಗ ಕಳಿಸಿದ ಹೆಜ್ಜೆ ಎಣಿಸುವ ವಾಚಿನಲ್ಲಿ 92 ದಿನದ ದಾಖಲೆ, ಒಂದು ದಿನವೂ ತಪ್ಪಿಲ್ಲ. ಅತಿ ಹೆಚ್ಚೆಂದರೆ 8,214 ಹೆಜ್ಜೆ. ಅದನ್ನು ಸಭೆಯ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಸಹಿತ ಹಾಕಿದ್ದರು. ಈಗ ದಾಖಲೆ ತುಂಡಾಗುತ್ತದಲ್ಲ! ತುಂಬ ಹೊತ್ತು ಮಾಡು ನೋಡಿದರು. ಆಮೇಲೆ ವಾಚು ಬಿಚ್ಚಿ ಮಾಮಿಯ ಕೈಗೆ ಕಟ್ಟಿದರು.

‘ಇದು ಮೋಸ ಅಲ್ವಾ?’ ಎಂದೆ.

‘ಗಂಡ ಹೆಂಡತಿ ಒಂದೇ ಶರೀರ ಅಂತ ಆದಿಕಾಂಡದಲ್ಲೇ ಉಂಟು.’

ಮಾಮಿ ಆ ವಾಚನ್ನು ಮರೆತೇಬಿಟ್ಟರು. ಬಾವಿಕಟ್ಟೆ, ಒಗೆಯುವ ಕಲ್ಲು, ಮಳೆ ಬಂತೆಂದು ಬಟ್ಟೆ ಒಳಗೆ, ಮಳೆ ಹೋಯಿತೆಂದು ಬಟ್ಟೆ ಹೊರಗೆ, ಮೀನಿನವಳು ಕೂಗಿದರೆ ಗೇಟು, ಬಂದವರಿಗೆಲ್ಲ ಚಾ, ಮಾಮ ಕರೆದಾಗಲೆಲ್ಲ ಕೋಣೆ. ಸಂಜೆ ಏಳಕ್ಕೆ ಕುಟುಂಬ ಪ್ರಾರ್ಥನೆಗೆ ಕೂತೆವು. ಆ ದಿನದ ಆರೋಗ್ಯಕ್ಕಾಗಿ, ಶಿಸ್ತಿಗಾಗಿ ಮಾಮ ದೀರ್ಘವಾಗಿ ಸ್ತೋತ್ರ ಹೇಳುತ್ತಿದ್ದಾಗ ಮಾಮಿಯ ಮಣಿಕಟ್ಟಿನಲ್ಲಿ ಏನೋ ಗುಂಯ್ ಎಂದಿತು. ಪುಟ್ಟ ಪರದೆಯ ಮೇಲೆ ಬಣ್ಣಬಣ್ಣದ ಪಟಾಕಿ, ನಡುವೆ 9,637.

ಮಾಮನ ಪ್ರಾರ್ಥನೆ ನಿಂತಿತು. ಒಂದು ಕಣ್ಣು ತೆರೆಯಿತು. ಕತ್ತು ಚಾಚಿ ಅಂಕಿಯನ್ನು ಎರಡು ಸಲ ಓದಿದರು.

‘ಇದು ಹಾಳಾಗಿದೆ’ ಎಂದರು. ‘ಮಗನಿಗೆ ಈಗಲೇ ಫೋನ್ ಮಾಡಬೇಕು.’

‘ಮೊದಲು ಆಮೆನ್ ಹೇಳಿ’ ಎಂದರು ಮಾಮಿ, ಕಣ್ಣು ತೆರೆಯದೆ. ‘ಒಲೆಯ ಮೇಲೆ ಹಾಲು ಉಂಟು.’