ಟಿಟಿ ಪ್ರವಾಸದಲ್ಲಿ ಪ್ಲಾನ್-ಬಿ ಮೀಮಾಂಸೆ: ಮತ್ತಿಕೆರೆ ಸಂಪ್ರದಾಯ

ಗ್ರಂಥಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ವಿಷಯ: ಟಿಟಿ ಮಾಡಿಕೊಂಡು ಧರ್ಮಸ್ಥಳಕ್ಕೆ ಹೊರಟ ಬೆಂಗಳೂರಿನ ಮತ್ತಿಕೆರೆಯ ಕುಟುಂಬವೊಂದು ದಾರಿಯಲ್ಲಿ ಅಡ್ಡಿಯಾದರೆ ಏನು ಮಾಡುತ್ತದೆ ಎಂಬುದು. ಪ್ರಯೋಜನ: ಸದ್ಯಕ್ಕೆ ಕಾಣುತ್ತಿಲ್ಲ. ಸಂಬಂಧ: ಗಾಡಿಯಲ್ಲಿರುವವರೆಲ್ಲ ಸಂಬಂಧಿಗಳೇ, ಡ್ರೈವರ್ ಹೊರತು. ಅಧಿಕಾರಿ: ಅಡ್ವಾನ್ಸ್ ಕೊಟ್ಟವನು ಅಳಿಯ; ಅಧಿಕಾರ ಇರುವುದು ಅಜ್ಜಿಯ ಬಳಿ.

ಅಮೆರಿಕದಲ್ಲಿ ಒಲೆ, ಹಾಸಿಗೆ, ಬಚ್ಚಲುಗಳನ್ನೆಲ್ಲ ಚಕ್ರದ ಮೇಲಿಟ್ಟುಕೊಂಡು ಗಂಡ ಹೆಂಡತಿ ಇಬ್ಬರೇ ತಿರುಗುವ ಪದ್ಧತಿ ಉಂಟು. ಆ ಗಾಡಿಗೆ ಆರ್‌ವಿ ಎನ್ನುತ್ತಾರೆ. ಅಷ್ಟೇ ಜಾಗದಲ್ಲಿ ನಾವು ಹನ್ನೆರಡು ಮಂದಿ, ಲೆಕ್ಕಕ್ಕೆ ಹಿಡಿಯದ ಮೂರು ಮಕ್ಕಳು, ಎರಡು ಸ್ಟೀಲ್ ಡಬ್ಬ ಹಾಗೂ ಒಂದು ಹರಕೆಯನ್ನು ಕೂರಿಸುತ್ತೇವೆ. ನಮ್ಮ ಈ ಗಾಡಿ ತಯಾರಿಸುವ ಬಜಾಜ್ ಟೆಂಪೊ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡಿತು. ಮತ್ತಿಕೆರೆ ಅದಕ್ಕೆ ಇನ್ನೂ ಒಪ್ಪಿಗೆ ಕೊಟ್ಟಿಲ್ಲ. ಇಲ್ಲಿ ಗಾಡಿ ಇನ್ನೂ ಟೆಂಪೊ ಟ್ರಾವೆಲರೇ, ಸಂಕ್ಷೇಪದಲ್ಲಿ ಟಿಟಿ.

ಮೊದಲು ಪ್ರಮಾಣ ವಿಚಾರ. ಘಾಟಿ ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿಯುವುದು ಹೇಗೆ? ಪ್ರತ್ಯಕ್ಷದಿಂದ ಎಂದರೆ ಘಾಟಿಯವರೆಗೂ ಹೋಗಬೇಕು, ಅಲ್ಲಿ ಮುಚ್ಚಿದ್ದರೆ ತಿಳಿದೂ ಉಪಯೋಗವಿಲ್ಲ. ಅನುಮಾನ ಪ್ರಮಾಣಕ್ಕೆ ಬಂದರೆ, ನೈಯಾಯಿಕರು ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸಿದರು. ಅವರು ಶಿರಾಡಿ ಘಾಟಿ ನೋಡಿದವರಲ್ಲ. ಅಲ್ಲಿ ಹೊಗೆ ಕಂಡರೆ ಎದುರಿನಿಂದ ಏರುತ್ತಿರುವ ಲಾರಿಯ ಕ್ಲಚ್ ಪ್ಲೇಟು ಹೋಗಿದೆಯೆಂದೂ, ಇನ್ನು ಎರಡು ಗಂಟೆ ಅಲ್ಲೇ ಎಂದೂ ಊಹಿಸತಕ್ಕದ್ದು. ಉಳಿದದ್ದು ಶಬ್ದಪ್ರಮಾಣ. ವಾಟ್ಸಾಪ್‌ನಲ್ಲಿ ಬರುವ ಗುಡ್ಡ ಕುಸಿತದ ವೀಡಿಯೊಗೆ ಕರ್ತೃ ಇಲ್ಲ, ಕಾಲವಿಲ್ಲ, ಯಾವ ಗುಡ್ಡವೆಂದೂ ಗೊತ್ತಿಲ್ಲ. ಹೀಗಾಗಿ ಅದನ್ನು ಅಪೌರುಷೇಯವೆಂದೇ ಒಪ್ಪಬೇಕಾಗುತ್ತದೆ. ಷಡ್ಡಕರು ಅದನ್ನು ನಂಬುವುದೂ ಆ ಶ್ರದ್ಧೆಯಿಂದಲೇ. ಆದರೆ ನಿಜವಾದ ಆಪ್ತವಾಕ್ಯ ಬೇರೆ. ಗುಂಡ್ಯದಲ್ಲಿ ಟೀ ಕುಡಿಯುತ್ತಿರುವ ಇನ್ನೊಬ್ಬ ಡ್ರೈವರ್ ಫೋನಿನಲ್ಲಿ ‘ಗಾಡಿ ಪಾಸ್ ಆಗ್ತಿದೆ, ಬಾ ಗುರೂ’ ಎಂದನೋ, ಉಳಿದ ಪ್ರಮಾಣಗಳೆಲ್ಲ ಅಲ್ಲಿಗೆ ಬಿದ್ದುಹೋದವು.

ಇನ್ನು ಪಥವಿಚಾರ. ಮತ್ತಿಕೆರೆಯವರ ಅಡ್ಡಿಗಳು ಘಾಟಿಯವರೆಗೆ ಕಾಯುವುದಿಲ್ಲ, ಗೊರಗುಂಟೆಪಾಳ್ಯದಲ್ಲೇ ಶುರು. 2021ರ ಡಿಸೆಂಬರ್ ಕೊನೆಯಲ್ಲಿ ಪೀಣ್ಯ ಮೇಲ್ಸೇತುವೆಯ ಕಂಬಗಳ ನಡುವಿನ ಕೇಬಲ್ ಕೆಟ್ಟು ಸೇತುವೆ ಮುಚ್ಚಿದಾಗ, ಜಾಲಹಳ್ಳಿ ಕ್ರಾಸ್, ದಾಸರಹಳ್ಳಿಯ ಕೆಳರಸ್ತೆಯೇ ಎಲ್ಲರ ಪ್ಲಾನ್-ಬಿ ಆಯಿತು. ಎಲ್ಲರದೂ ಒಂದೇ ಪ್ಲಾನ್-ಬಿ ಆದರೆ ಏನಾಗುತ್ತದೆಂದು ಆ ದಿನಗಳಲ್ಲಿ ಎಂಟನೇ ಮೈಲಿಯಲ್ಲಿ ನಿಂತವರೆಲ್ಲ ಬಲ್ಲರು.

ನೆಲಮಂಗಲದಲ್ಲಿ ಎಡಕ್ಕೆ ಹೊರಳಿ ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ ಕಳೆದು ಹಾಸನ ಮುಟ್ಟುವ ಹೊತ್ತಿಗೆ ಗಾಡಿಯೊಳಗೆ ಐದು ಮತಗಳು ಹುಟ್ಟಿರುತ್ತವೆ. ಸಕಲೇಶಪುರ ದಾಟಿ ಶಿರಾಡಿಯಲ್ಲೇ ಇಳಿಯಬೇಕೆನ್ನುವವರು ಸನಾತನಿಗಳು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಎನ್ನುವವರ ನಿಷ್ಠೆ ಘಾಟಿಗಿಂತ ಹೆಚ್ಚಾಗಿ ಕೊಟ್ಟಿಗೆಹಾರದ ನೀರುದೋಸೆಗೆ. ಬಿಸಿಲೆ ಘಾಟಿಯವರು ಸಂಖ್ಯೆಯಲ್ಲಿ ಅಲ್ಪರು, ಅವರು ಅವೋಮಿನ್ ಮಾತ್ರೆ ನುಂಗಿಯೇ ವಾದಕ್ಕಿಳಿಯುತ್ತಾರೆ. ಮಡಿಕೇರಿ ಸುತ್ತಿ ಸಂಪಾಜೆಯಲ್ಲಿ ಇಳಿಯೋಣ ಎನ್ನುವ ಚಿಕ್ಕಪ್ಪನಿಗೆ ಕೊಡಗಿನಲ್ಲಿ ಹಳೆಯ ಸ್ನೇಹಿತನಿದ್ದಾನೆ. ಐದನೆಯದು ರೈಲುಮತ: ಗಾಡಿ ವಾಪಸ್ ಕಳಿಸಿ, ಮನೆ ಹತ್ತಿರದ ಯಶವಂತಪುರದಿಂದಲೇ ರೈಲು ಹತ್ತಬೇಕಿತ್ತು ಎಂಬುದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ಯಲ್ಲಿ 57 ಸುರಂಗಗಳಿವೆ, 2021ರ ಜುಲೈಯಿಂದ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಬೇರೆ ಇದೆ ಎಂದು ಈ ಮತದವರು ಹಾಸನದಲ್ಲಿ ನೆನಪಿಸಿಕೊಳ್ಳುತ್ತಾರೆ, ಮತ್ತಿಕೆರೆಯಲ್ಲಿ ಅಲ್ಲ.

ಇಲ್ಲಿ ಪೂರ್ವಪಕ್ಷವನ್ನು ಖಂಡಿಸಬೇಕಾಗಿದೆ. ಐದು ದಾರಿಗಳಿದ್ದರೆ ಐದು ಪ್ಲಾನ್‌ಗಳಿವೆ ಎಂಬುದು ಭ್ರಾಂತಿ. ದಾರಿ ಐದಾದರೂ ಪಶ್ಚಿಮ ಘಟ್ಟ ಒಂದೇ, ಮಳೆಯೂ ಒಂದೇ. 2018ರ ಆಗಸ್ಟಿನಲ್ಲಿ ಶಿರಾಡಿ ಕುಸಿಯಿತು, ಅದೇ ತಿಂಗಳು ಸಂಪಾಜೆಯ ರಸ್ತೆ ಕೊಚ್ಚಿಹೋಯಿತು, ರೈಲುಹಳಿಯ ಮೇಲೂ ಮಣ್ಣು ಬಿತ್ತು. ಮರುವರ್ಷ ಆಗಸ್ಟಿನಲ್ಲಿ ಚಾರ್ಮಾಡಿಯ ಸರದಿ. 2024ರ ಜುಲೈಯಲ್ಲಿ ದೊಡ್ಡತಪ್ಪಲೆ ಬಳಿ ಶಿರಾಡಿ ಮತ್ತೆ ಜರಿದಾಗ, ರೈಲುಮತದವರ ಮುಖ ನೋಡುವಂತಿತ್ತು. ಎಡಕುಮೇರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತ್ತು. ಪ್ಲಾನ್-ಎ ಕೆಡಿಸಿದ ಕಾರಣವೇ ಪ್ಲಾನ್-ಬಿಯನ್ನೂ ಕೆಡಿಸುವುದಾದರೆ ಅದು ಪ್ಲಾನ್-ಬಿ ಅಲ್ಲ, ಪ್ಲಾನ್-ಎಯ ತಮ್ಮ.

ಹಾಗಾದರೆ ಸಿದ್ಧಾಂತವೇನು? ದೂರ ಹೋಗಬೇಕಿಲ್ಲ. ಪೀಣ್ಯದಲ್ಲಿ ಇಸ್ರೋದ ಇಸ್ಟ್ರಾಕ್ ಕೇಂದ್ರವಿದೆ. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ವಿಕ್ರಮ್ ಇಳಿಯಬೇಕಿದ್ದ ಜಾಗ 500 ಮೀಟರ್ ಉದ್ದ, ಅಷ್ಟೇ ಅಗಲ. ಅದು ಕೈಕೊಟ್ಟ ಮೇಲೆ ಚಂದ್ರಯಾನ-3ಕ್ಕೆ ಜಾಗವನ್ನು 4 ಕಿ.ಮೀ.ಗೆ 2.4 ಕಿ.ಮೀ. ಮಾಡಿಕೊಂಡರು. ಆಗಸ್ಟ್ 23ರಂದು ಪರಿಸ್ಥಿತಿ ಸರಿ ಕಾಣದಿದ್ದರೆ 27ಕ್ಕೆ ಇಳಿಸೋಣ ಎಂದೂ ಇಟ್ಟುಕೊಂಡಿದ್ದರು. ಅಂದರೆ ದಾರಿ ಹೆಚ್ಚಿಸುವುದಕ್ಕಿಂತ ಇಳಿಯುವ ಜಾಗ ಹಿಗ್ಗಿಸುವುದು ಉತ್ತಮ. ಇದನ್ನು ಟಿಟಿಗೆ ಅನ್ವಯಿಸಿದರೆ, ಧರ್ಮಸ್ಥಳ ಆಗದಿದ್ದರೆ ಯಡಿಯೂರು ಸಿದ್ಧಲಿಂಗೇಶ್ವರ, ರಾತ್ರಿಗೆ ಹಾಸನದ ಚಿಕ್ಕಮ್ಮನ ಮನೆ. ಚಿಕ್ಕಮ್ಮನಿಗೆ ಹದಿನೈದು ಜನರ ವಿಷಯ ಯಾರು ತಿಳಿಸಬೇಕೆಂಬುದು ಈ ಪ್ರಬಂಧದ ವ್ಯಾಪ್ತಿಗೆ ಹೊರಗಿನದು.

ಅನ್ನವಿಚಾರದಲ್ಲಿ ಮಾತ್ರ ಮತ್ತಿಕೆರೆ ಇಸ್ರೋಗಿಂತ ಮುಂದಿದೆ. ಬೆಳಗಿನ ಜಾವ ಬಿಸಿ ಅನ್ನಕ್ಕೆ ಧಾರಾಳವಾಗಿ ಹಾಲು ಹಾಕಿ, ಆರಿದ ಮೇಲೆ ಒಂದೇ ಚಮಚ ಮೊಸರು ಕಲಸಿಟ್ಟರೆ ಅದು ದಾರಿಯಲ್ಲೇ ಹೆಪ್ಪಾಗುತ್ತ ಊಟದ ಹೊತ್ತಿಗೆ ಹದಕ್ಕೆ ಬರುತ್ತದೆ. ನೆಲಮಂಗಲದಲ್ಲಿ ತಡವಾಯಿತೋ, ಹುಳಿ ಏರುತ್ತದೆ. ಆಗ ಪುಳಿಯೋಗರೆ. ಹುಣಿಸೆ, ಎಣ್ಣೆ, ಉಪ್ಪಿನ ಬಲದಿಂದ ಅದು ರಾತ್ರಿಯವರೆಗೂ ಕೆಡದು. ಅದೂ ಮುಗಿದರೆ ಕೋಡುಬಳೆ, ನಿಪ್ಪಟ್ಟು, ಕೊನೆಗೆ ಚಟ್ನಿಪುಡಿ ಕಲಸಿದ ಅವಲಕ್ಕಿ. ಒಂದನ್ನು ಕೆಡಿಸಿದ ಕಾರಣ ಇನ್ನೊಂದನ್ನು ಕೆಡಿಸುವುದಿಲ್ಲ. ಮೇಲಿನ ಪಥವಿಚಾರದಲ್ಲಿ ನಾವು ಹುಡುಕಿ ಸಿಗದೆ ಹೋದದ್ದು ಇದೇ. ಇಂಥ ಯೋಜನೆ ಮಾಡಿದ ಹೆಂಗಸರನ್ನು ರೂಟ್ ಚರ್ಚೆಯಲ್ಲಿ ಯಾರೂ ಕೇಳುವುದಿಲ್ಲ ಎಂಬುದನ್ನು ಇಲ್ಲಿ ಸುಮ್ಮನೆ ದಾಖಲಿಸುತ್ತೇವೆ.

ಸಿದ್ಧಾಂತಕ್ಕೆ ಒಂದೇ ಆಕ್ಷೇಪ, ಅದೂ ಅಜ್ಜಿಯದು. ‘ಅಲ್ಲಪ್ಪಾ, ಹರಕೆ ಹೊತ್ತಿರೋದು ಮಂಜುನಾಥನಿಗೆ. ಯಡಿಯೂರಿನಲ್ಲಿ ತೀರಿಸೋಕೆ ಅದೇನು ಕರೆಂಟ್ ಬಿಲ್ಲೇ?’ ಚಂದ್ರನಿಗೆ ಯಾರೂ ಹರಕೆ ಹೊತ್ತಿರಲಿಲ್ಲವಾದ್ದರಿಂದ ಇಸ್ರೋದಲ್ಲಿ ಇದಕ್ಕೆ ಉತ್ತರವಿಲ್ಲ. ಉತ್ತರವಿರುವುದು ಅಜ್ಜಿಯ ಕೈಚೀಲದಲ್ಲೇ. ಅರಿಸಿನದ ಬಟ್ಟೆಯ ಚೂರೊಂದನ್ನು ತೆಗೆದು, ಅದರಲ್ಲಿ ನಾಣ್ಯವಿಟ್ಟು ಗಂಟು ಹಾಕಿ, ‘ಈ ಸಲ ಆಗಲಿಲ್ಲಪ್ಪಾ ಸ್ವಾಮಿ, ಮಳೆಗಾಲ ಕಳೀಲಿ, ಬರ್ತೀವಿ’ ಎಂದು ಮುಡಿಪು ಕಟ್ಟಿದರೆ ಮುಗಿಯಿತು. ಆ ಬಟ್ಟೆಯನ್ನು ಮತ್ತಿಕೆರೆಯಿಂದಲೇ ತಂದಿದ್ದರು ಎಂಬುದನ್ನು ಗಮನಿಸಬೇಕು.

ಅನಂತರ ಉಳಿಯುವುದು ಕಿಲೋಮೀಟರ್ ಪ್ರಶ್ನೆ. ದಿನಕ್ಕೆ 300 ಕಿ.ಮೀ. ಮಿನಿಮಮ್ ಎಂದು ಮಾತಾಗಿದ್ದರೆ ಎರಡು ದಿನಕ್ಕೆ 600ರ ಹಣ ಕೊಡಲೇಬೇಕು, ಗಾಡಿ ಓಡಲಿ ಬಿಡಲಿ. ಹಾಸನಕ್ಕೆ ಹೋಗಿಬರಲು 360ರ ಸುಮಾರು. ಉಳಿದ 240ನ್ನು ಹೇಗಾದರೂ ವಸೂಲಿ ಮಾಡಲೇಬೇಕೆಂದು ಅಳಿಯನ ಹಟ, ಮಲಗಬೇಕೆಂದು ಷಡ್ಡಕರ ಹಟ. ಡ್ರೈವರ್ ತಟಸ್ಥ, ಅವನ ಬಾಟಾ ಎರಡು ಪಕ್ಷಗಳಿಗೂ ಸಮ್ಮತವಾದ ಏಕೈಕ ಸತ್ಯ. ಬೇಲೂರು, ಹಳೇಬೀಡು ಸುತ್ತಿ, ವಾಪಸಾಗುವಾಗ ಶ್ರವಣಬೆಳಗೊಳದಲ್ಲಿ ಅಜ್ಜಿಯನ್ನು ಚಪ್ಪಲಿಗಳ ಕಾವಲಿಗೆ ಕೆಳಗೆ ಕೂರಿಸಿ ಬೆಟ್ಟ ಹತ್ತಿ ಇಳಿದರೂ ನೂರಕ್ಕೂ ಹೆಚ್ಚು ಕಿಲೋಮೀಟರ್ ಬಾಕಿ. ಆಗ ಅಳಿಯ ಮೇಲುಕೋಟೆಯ ಹೆಸರೆತ್ತುತ್ತಾನೆ. ತಂದ ಪುಳಿಯೋಗರೆ ಅಷ್ಟರಲ್ಲಿ ಮುಗಿದಿರುವುದರಿಂದ ಯಾರೂ ವಿರೋಧಿಸುವುದಿಲ್ಲ.