ಸೂತ್ರದ ಡಾಕ್ಟ್ರು

ಲಂಡನ್ನಿನ ಈಸ್ಟ್ ಹ್ಯಾಮಿನ ಹೈ ಸ್ಟ್ರೀಟ್ ನಾರ್ತಿನಲ್ಲಿ ಬೆಂಡೇಕಾಯಿ ಆರಿಸುತ್ತಾ, ಬೆರಳು ಮಡಚಿ ಏನೋ ಗೊಣಗುವವರು ಕಂಡರೆ ಗಾಬರಿಯಾಗಬೇಡಿ. ಅವರು ನಮ್ಮ ಕಡೆಯ ಡಾಕ್ಟ್ರು. ಊರಲ್ಲಿ ಎಂಬಿಬಿಎಸ್ ಮುಗಿಸಿ, ಸರ್ಜನ್ ಆಗುವ ಆಸೆಗೆ ಎಂಆರ್‌ಸಿಎಸ್ ಪರೀಕ್ಷೆಗೆ ಕಟ್ಟಿದವರು. ಇಬ್ಬರಿಗಾಗುವ ಕೋಣೆಯಲ್ಲಿ ಮೂವರ ವಾಸ; ನಾಲ್ಕನೆಯವರು ಚೌರಾಸಿಯಾ. ಸೂಟ್‌ಕೇಸಿನ ತೂಕ ಜಾಸ್ತಿಯಾದಾಗ ಅಮ್ಮ ಕೊಟ್ಟ ಪುಳಿಯೋಗರೆ ಗೊಜ್ಜನ್ನು ಹೊರಗಿಟ್ಟು ತಂದ ಅನಾಟಮಿ ಪುಸ್ತಕ ಅದು.

ಯಾವುದನ್ನೂ ನೇರವಾಗಿ ನೆನಪಿಡಬಾರದು, ಎಲ್ಲಕ್ಕೂ ಸೂತ್ರ ಬೇಕು ಎನ್ನುವುದು ಡಾಕ್ಟ್ರ ಸಿದ್ಧಾಂತ. ಮಣಿಕಟ್ಟಿನಲ್ಲಿ ಎಂಟು ಮೂಳೆ: ಸ್ಕೇಫಾಯ್ಡ್, ಲ್ಯೂನೇಟ್, ಟ್ರೈಕ್ವೆಟ್ರಲ್, ಪಿಸಿಫಾರ್ಮ್, ಟ್ರೆಪೀಜಿಯಂ, ಟ್ರೆಪಿಜಾಯ್ಡ್, ಕ್ಯಾಪಿಟೇಟ್, ಹ್ಯಾಮೇಟ್. ಇದಕ್ಕೆ ಹಾಸ್ಟೆಲ್ ಕಾಲದ ಇಂಗ್ಲಿಷ್ ವಾಕ್ಯಗಳಿವೆ, ಮನೆಯವರ ಮುಂದೆ ಹೇಳುವಂಥವಲ್ಲ. ಹಾಗಾಗಿ ಸ್ವಂತ ತಯಾರಿ: “ಸೀತಮ್ಮ ಲಡ್ಡು ತಂದ್ಲು, ಪಕ್ಕದ್ಮನೆ ತಾತ ತಿಂದು ಕೈತೊಳ್ಕೊಂಡು ಹೋದ.” ಎಂಟು ಮಾತಿಗೆ ಎಂಟು ಮೂಳೆ. ತಕರಾರು ಒಂದೇ, ತಕಾರ ಮೂರು. ತಂದದ್ದು ಯಾವ ಮೂಳೆ, ತಾತ ಯಾವುದು, ತಿಂದದ್ದು ಯಾವುದು? ಹೆಬ್ಬೆರಳಿನ ಬುಡ ಒತ್ತಿ ನೋಡಿಕೊಂಡರೆ ಟ್ರೆಪೀಜಿಯಂ ಅಲ್ಲೇ ಸಿಗುತ್ತದೆ. ಡಾಕ್ಟ್ರು ಒತ್ತುವವರಲ್ಲ. ಅದಕ್ಕೆ ಇನ್ನೊಂದು ಸೂತ್ರ. ಆ ಸೂತ್ರ ಮರೆಯದಂತೆ ಫ್ರಿಜ್ಜಿನ ಬಾಗಿಲಿಗೆ ಹಳದಿ ಚೀಟಿ.

ಮೆದುಳಿನಿಂದ ಹೊರಡುವ 12 ಜೋಡಿ ನರಗಳಿಗೆ ಡಿಸ್ಟ್ರಿಕ್ಟ್ ಲೈನ್ ರೈಲಿನ ನಿಲ್ದಾಣಗಳನ್ನೇ ಗುತ್ತಿಗೆ ಹಿಡಿದಿದ್ದಾರೆ. ಈಸ್ಟ್ ಹ್ಯಾಮ್ ಮೊದಲನೆಯದು, ಮೂಗಿನ ನರ. ಅಲ್ಲಿಯ ದೋಸೆ ವಾಸನೆಗೆ ಅದು ಸರಿಯೇ. ಅಪ್ಟನ್ ಪಾರ್ಕ್ ಕಣ್ಣಿನದು. ಮೈಲ್ ಎಂಡ್ ಏಳನೆಯದು, ಮುಖದ ನರ. ಆಲ್ಡ್‌ಗೇಟ್ ಈಸ್ಟಿನಲ್ಲಿ ವೇಗಸ್, ಮಾನ್ಯುಮೆಂಟಿನಲ್ಲಿ ನಾಲಿಗೆಯ ನರ. ಲೆಕ್ಕ ಪಕ್ಕಾ, ನಾನೂ ಎಣಿಸಿದ್ದೇನೆ. ಆದರೆ ಭಾನುವಾರ ರಿಪೇರಿಗೆಂದು ಲೈನ್ ಮುಚ್ಚಿದರೆ ಡಾಕ್ಟ್ರಿಗೆ ಲಕ್ವ ಹೊಡೆದ ಹಾಗೆ. ವೆಸ್ಟ್ ಹ್ಯಾಮಿನವರೆಗೆ ನಾಲ್ಕು ನರ ನೆಟ್ಟಗಿರುತ್ತವೆ, ಐದನೆಯದರಿಂದ ಬದಲಿ ಬಸ್ಸು.

ಶನಿವಾರ ಲಿಂಕನ್ಸ್ ಇನ್ ಫೀಲ್ಡ್ಸ್‌ನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ಗೆ ಸವಾರಿ. ಅಲ್ಲಿಯ ಹಂಟೇರಿಯನ್ ಮ್ಯೂಸಿಯಂಗೆ ಟಿಕೆಟ್ಟಿಲ್ಲ, ಅದೂ ಒಂದು ಕಾರಣ. ಮನುಷ್ಯನ ನರ, ರಕ್ತನಾಳಗಳನ್ನು ಬಿಡಿಸಿ ಮರದ ಹಲಗೆಗೆ ಅಂಟಿಸಿದ್ದನ್ನು ಇಂಗ್ಲಿಷ್ ದಿನಚರಿಕಾರ ಜಾನ್ ಈವ್ಲಿನ್ 1640ರ ದಶಕದಲ್ಲಿ ಇಟಲಿಯ ಪಡುವಾದಲ್ಲಿ ಕೊಂಡಿದ್ದ, ಅವು ಇಲ್ಲಿವೆ. ಬೇರು ಕಿತ್ತು ಹರಡಿದಂತಿರುವ ಆ ಹಲಗೆಗಳ ಮುಂದೆ ಜನ ಮಾತು ನಿಲ್ಲಿಸುತ್ತಾರೆ. ಡಾಕ್ಟ್ರು ಫೋಟೊ ಹೊಡೆದುಕೊಂಡು ಕೇಳುವುದು, “ಇದು ಪರೀಕ್ಷೆಗೆ ಬರುತ್ತಾ?”

ಈ ನಡುವೆ ಕೋಣೆಯ ಸಾಫ್ಟ್‌ವೇರ್ ಹುಡುಗನ ಕಥೆ ಬೇರೆ. ರಾತ್ರಿ ಕುಕ್ಕರ್ ಇಟ್ಟು, ಪುಸ್ತಕ ಹಿಡಿದು ಪ್ರಶ್ನೆ ಕೇಳುವ ಬಿಟ್ಟಿ ಕೆಲಸ ಅವನದು.

“ಡಾಕ್ಟ್ರೇ, ಡ್ಯುವೋಡಿನಂ ನಾಲ್ಕು ಭಾಗ, ಉದ್ದ ಹೇಳಿ.”

“ಇರೋ ಮಾರಾಯ, ಅದಕ್ಕೊಂದು ಪದ್ಯ ಕಟ್ಟಿದ್ದೆ...”

“ಎರಡು, ಮೂರು, ನಾಲ್ಕು, ಒಂದು ಇಂಚು” ಎಂದು ತಾನೇ ಹೇಳಿ ಅವನು ಕುಕ್ಕರ್ ಇಳಿಸಿದ.

ಅವನು ಸೂತ್ರ ಕಟ್ಟಿದವನಲ್ಲ, ಉರು ಹೊಡೆದವನೂ ಅಲ್ಲ. ಎರಡು ದಿನ ಬಿಟ್ಟು, ವಾರ ಬಿಟ್ಟು ಅದನ್ನೇ ಮತ್ತೆ ಕೇಳಿ, ತಪ್ಪು ತಿದ್ದಿದ್ದಕ್ಕೆ ತಲೆಗೆ ಹತ್ತಿದೆ, ಅಷ್ಟೆ. ಫೀಸು ಕಟ್ಟಿದವರು ಮಾತ್ರ ಡಾಕ್ಟ್ರು.

ಎಂಆರ್‌ಸಿಎಸ್ ಪಾರ್ಟ್ ಎ ಎಂದರೆ ಒಂದೇ ದಿನ ಎರಡು ಪತ್ರಿಕೆ, ಐದು ಗಂಟೆ, 300 ಪ್ರಶ್ನೆ. ಕೊಟ್ಟ ಐದು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಸೀತಮ್ಮನ ಲಡ್ಡು ಯಾರು ತಿಂದರೆಂದು ಅಲ್ಲಿ ಯಾರೂ ಕೇಳುವುದಿಲ್ಲ.