ಯಾರ ಮನೆ ದೇವರ ಮೇಲೆ ಯಾರ ಸಿಟ್ಟು?

ನಿಮ್ಮ ಬೀರುವಿನ ಕೆಳಗಿನ ಖಾನೆಯಲ್ಲಿ ಮಡಿಚಿಟ್ಟಿರೋ ಆ ಕಪ್ಪು ಟೀ ಶರ್ಟಿನ ವಿಷಯ ಸ್ವಲ್ಪ ಮಾತಾಡೋಣ್ವಾ? ಅದೇ ರೀ, ಎದೆ ಮೇಲೆ ತಲೆಕೆಳಗಾದ ಶಿಲುಬೆ, ಅದರ ಮೇಲೆ ಮುಳ್ಳುಬೇಲಿ ಥರ ಬ್ಯಾಂಡಿನ ಹೆಸರು (ಓದೋಕೆ ನಿಮಗೂ ಬರಲ್ಲ, ಒಪ್ಕೊಳ್ಳಿ). ಮೊದಲ ಸಲ ಹಾಕ್ಕೊಂಡು ಹಾಲಿಗೆ ಬಂದಾಗ ಮನೆಯೇ ನಡುಗುತ್ತೆ ಅಂದ್ಕೊಂಡಿದ್ರಿ. ಅಜ್ಜಿ ಕನ್ನಡಕ ಏರಿಸಿ ನೋಡಿ ಏನಂದ್ರು? "ಏನೋ ಇದು, ರೆಡ್ ಕ್ರಾಸಾ? ರಕ್ತ ಕೊಟ್ಟು ಬಂದ್ಯಾ? ಕೂತ್ಕೋ, ಒಂದ್ ಲೋಟ ಹಾಲು ಕೊಡ್ತೀನಿ."

ಮುಗೀತಲ್ಲ ಬಂಡಾಯ! ಬರ್ಮಿಂಗ್‌ಹ್ಯಾಮಿನಲ್ಲೋ ಬರ್ಗೆನ್ನಿನಲ್ಲೋ ಅದೇ ಶರ್ಟು ಹಾಕ್ಕೊಂಡು ಅಜ್ಜಿ ಮುಂದೆ ನಿಂತಿದ್ರೆ ಕಣ್ಣೀರು, ಪಾದ್ರಿ, ಪಂಚಾಯ್ತಿ ಎಲ್ಲಾ ಆಗ್ತಿತ್ತು. ಬಸವನಗುಡಿಯಲ್ಲಿ ಹಾಲು ಸಿಕ್ತು. ನೀವು ಕುಡಿದ್ರಿ ಕೂಡ. (ಬಾದಾಮಿ ಅರೆದು ಹಾಕಿದ್ರು, ಬಿಡೋಕಾಗುತ್ತಾ?)

ಹೆದರಬೇಡಿ, ನಾನೂ ಅದೇ ಕಪ್ಪು ಶರ್ಟಿನ ಗುಂಪಿನವನೇ. ಆದ್ರೆ ಎಷ್ಟೋ ವರ್ಷದಿಂದ ಒಂದು ಪ್ರಶ್ನೆ ಕೊರೀತಾ ಇದೆ. ಕಾಲೇಜಲ್ಲಿ ಕ್ಯಾಂಟೀನ್ ಮೇಜು ಗುದ್ದಿ "ಕ್ರಿಶ್ಚಿಯಾನಿಟಿ ಈಸ್ ಫಿನಿಷ್ಡ್ ಮಗಾ" ಅಂತ ಘೋಷಿಸ್ತಿದ್ವಲ್ಲ, ಅದರೊಳಗೆ ನಾವು ಹೋಗಿದ್ದಾದ್ರೂ ಯಾವಾಗ? ಒಳಗೇ ಹೋಗದ ಮನೆಯಿಂದ ಬಾಗಿಲು ಬಡ್ಕೊಂಡು ಆಚೆ ಬಂದವರು ನಾವು.

ಇನ್ನು ಆ ಶಿಲುಬೆ. ಯೇಸುವಿನ ಶಿಷ್ಯ ಪೇತ್ರನನ್ನ ರೋಮಿನಲ್ಲಿ ಕೊಲ್ಲೋಕೆ ಕರ್ಕೊಂಡು ಹೋದಾಗ, "ನನ್ನ ಗುರು ಸತ್ತ ಹಾಗೆ ಸಾಯೋ ಯೋಗ್ಯತೆ ನನಗಿಲ್ಲ, ತಲೆಕೆಳಗು ಮಾಡಿ ಏರಿಸಿ" ಅಂದನಂತೆ. ಚರ್ಚಿನವರು ತಲೆತಲಾಂತರದಿಂದ ಹೇಳ್ಕೊಂಡು ಬಂದಿರೋ ಕಥೆ. ಹಾಗಾಗಿ ಅದರ ಹೆಸರೇ ಸಂತ ಪೇತ್ರನ ಶಿಲುಬೆ, ಕ್ಯಾಥೊಲಿಕರ ಲೆಕ್ಕದಲ್ಲಿ ಆತ ಮೊದಲನೇ ಪೋಪು. ಸೈತಾನ ಅಂದ್ಕೊಂಡು ನೀವು ಎದೆ ಮೇಲೆ ಹೊತ್ತು ತಿರುಗಿದ್ದು ಅಪ್ಪಟ ಗುರುಭಕ್ತಿ. ಅಜ್ಜಿಗೆ ಇದು ಗೊತ್ತಾಗಿದ್ರೆ ಇನ್ನೊಂದು ಲೋಟ ಸಿಗ್ತಿತ್ತು.

ಈ ಎಡವಟ್ಟು ನಿಮ್ಮಿಂದ ಶುರುವಾಗಿದ್ದೇನಲ್ಲ, ಬೇಜಾರಾಗಬೇಡಿ. ಮೆಟಲ್ ಬ್ಯಾಂಡು ಬ್ಲ್ಯಾಕ್ ಸಬ್ಬತ್‌ನ ಮೊದಲ ರೆಕಾರ್ಡು ಬಂದಿದ್ದು 1970ರ ಫೆಬ್ರವರಿ 13, ಶುಕ್ರವಾರ. ಕವರ್ ಬಿಚ್ಚಿದ್ರೆ ಒಳಗೆ ದೊಡ್ಡದೊಂದು ತಲೆಕೆಳಗಾದ ಶಿಲುಬೆ. ಬ್ಯಾಂಡಿನ ಹುಡುಗರನ್ನ ಒಂದು ಮಾತು ಕೇಳದೆ ಕಂಪನಿಯವರು ಹಾಕಿದ್ದು. ಹುಡುಗರು ತಮ್ಮ ಕೊರಳಿಗೆ ಹಾಕ್ಕೊಂಡಿದ್ದು ನೆಟ್ಟಗಿರೋ ಶಿಲುಬೆಯನ್ನೇ. ಗಾಯಕ ಓಝಿಯ ಅಪ್ಪ, ಟೂಲ್‌ಮೇಕರ್ ಕೆಲಸದಲ್ಲಿದ್ದವರು, ಅಲ್ಯೂಮಿನಿಯಂನಲ್ಲಿ ಕುಯ್ದು ಮಾಡ್ಕೊಟ್ಟಿದ್ದು. ನಮ್ಮಮ್ಮಂದಿರು ತಾಯತ ಕಟ್ಟಿ ಕಳಿಸ್ತಾರಲ್ಲ, ಹಾಗೆ!

ಹಾಡು ಬರೀತಿದ್ದ ಗೀಝರ್ ಬಟ್ಲರ್ ಐರಿಷ್ ಕ್ಯಾಥೊಲಿಕ್ ಮನೆ ಹುಡುಗ. 1971ರ ಮಾಸ್ಟರ್ ಆಫ್ ರಿಯಾಲಿಟಿ ರೆಕಾರ್ಡಿನಲ್ಲಿ ಆಫ್ಟರ್ ಫಾರೆವರ್ ಅನ್ನೋ ಹಾಡಿದೆಯಲ್ಲ, ಅದನ್ನ ಗಮನ ಕೊಟ್ಟು ಕೇಳಿದೀರಾ? ದೇವರನ್ನ ನಂಬದೇ ಇರೋರಿಗೆ ಬುದ್ಧಿ ಹೇಳೋ ಹಾಡು ಅದು. ನೀವು ತಲೆ ಅಲ್ಲಾಡಿಸ್ಕೊಂಡು ಉಪದೇಶ ಕೇಳ್ತಿದ್ರಿ, ಹರಿಕಥೆಯಲ್ಲಿ ಕೂತ ಹಾಗೆ.

ಸರಿ, ಹಾಗಾದ್ರೆ ಆ ಭಾರದ ಸದ್ದು ಸೈತಾನನ ಕೊಡುಗೆಯಾ? ಅದೂ ಇಲ್ಲ ಕಣ್ರೀ, ತಗಡಿನ ಪ್ರೆಸ್ ಮೆಷಿನ್ನಿಂದು. ಬ್ಯಾಂಡಿನ ಗಿಟಾರಿಸ್ಟ್ ಟೋನಿ ಅಯೋಮಿಗೆ ಆಗ 17 ವರ್ಷ, ಫ್ಯಾಕ್ಟರಿಯಲ್ಲಿ ಅವತ್ತೇ ಕೊನೇ ದಿನ. ಬಲಗೈಯ ಎರಡು ಬೆರಳಿನ ತುದಿ ಹೋಯ್ತು. ಎಡಗೈಯಲ್ಲಿ ಮೀಟೋನು ಬೇರೆ, ತಂತಿ ಒತ್ತಬೇಕಾಗಿದ್ದು ಅದೇ ಬೆರಳಲ್ಲಿ. ಪಾತ್ರೆ ತೊಳೆಯೋ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡ. ನೋಯದೇ ಇರಲಿ ಅಂತ ಬರಬರ್ತಾ ತಂತಿ ಸಡಿಲ ಮಾಡ್ಕೊಂಡ, ಸದ್ದು ಪಾತಾಳಕ್ಕಿಳೀತು. (ಪೀಣ್ಯದ ಕಡೆ ಬೆರಳು ಕಳ್ಕೊಂಡವರನ್ನ ನೋಡಿದ ಮೇಲೆ ನನಗೆ ಈ ಕಥೆಯಲ್ಲಿ ಪವಾಡಕ್ಕಿಂತ ನೋವೇ ಜಾಸ್ತಿ ಕೇಳಿಸುತ್ತೆ.)

ಈಗ ಆ ಮೊದಲ ರೆಕಾರ್ಡಿನ ಮೊದಲ ಹಾಡು ಹಾಕಿ. ಮಳೆ. ಗುಡುಗು. ದೂರದಲ್ಲೊಂದು ಚರ್ಚಿನ ಗಂಟೆ. ಆಮೇಲೆ ಗಿಟಾರಿನಲ್ಲಿ ಮೂರೇ ಮೂರು ಸ್ವರ. ಅಜ್ಜಿಯ ಹಳೇ ಹಾರ್ಮೋನಿಯಂ ಎಳ್ಕೊಂಡು ಅದನ್ನ ಹುಡುಕಿ ನೋಡಿ. ಕೆಳಗಿನ ಸ, ಮೇಲಿನ ಸ, ಆಮೇಲೆ ನಟ್ಟನಡುವೆ ಬಂದು ನಡುಗ್ತಾ ನಿಂತ್ಕೊಳ್ಳೋದು... ಯಾವುದು ಹೇಳಿ? ಪ್ರತಿ ಮಧ್ಯಮ!

ಯುರೋಪಿನ ಹಳೇ ಸಂಗೀತದವರು ಈ ಅಂತರಕ್ಕೆ ಡಯಾಬೊಲಸ್ ಇನ್ ಮ್ಯೂಸಿಕಾ ಅಂತ ಹೆಸರಿಟ್ಟಿದ್ರು, ಸಂಗೀತದೊಳಗಿನ ಸೈತಾನ ಅಂತ. ನಮ್ಮಲ್ಲಿ? 72 ಮೇಳಕರ್ತ ರಾಗಗಳಲ್ಲಿ 37ರಿಂದಾಚೆ ಪೂರ್ತಿ ಅರ್ಧ ಸಂಸಾರ ಇದೇ ಸೈತಾನಂದು. 65ನೇ ಮನೆಯಲ್ಲಿ ಕೂತಿರೋಳು ಕಲ್ಯಾಣಿ. ಅಜ್ಜಿ ದಿನಾ ಬೆಳಗ್ಗೆ ದಂಟಿನ ಸೊಪ್ಪು ಬಿಡಿಸ್ತಾ ಗುನುಗ್ತಿದ್ದ ದೇವರನಾಮ ಯಾವ ರಾಗ ಅಂತ ಯಾವತ್ತಾದ್ರೂ ಕೇಳಿದ್ರಾ? ಡೌನ್‌ಲೋಡ್ ಮಾಡಿ ಮಾಡಿ ನೀವು ಹುಡುಕ್ತಿದ್ದ ಸೈತಾನ ಅಡುಗೆಮನೆಯಲ್ಲೇ ಇದ್ದ. (ಸ್ವರ ಒಂದೇ, ಮಳೆ ಬೇರೆ.)

ಅಷ್ಟೇ ಅಲ್ಲ, ಕೈಯಲ್ಲಿ ಕೊಂಬು ಮಾಡ್ತೀರಲ್ಲ, ತೋರುಬೆರಳು ಕಿರುಬೆರಳು ಎತ್ತಿ? ಅದನ್ನ ಮೆಟಲ್ ಲೋಕಕ್ಕೆ ಅಂಟಿಸಿದ್ದು ಗಾಯಕ ರಾನಿ ಜೇಮ್ಸ್ ಡಿಯೋ. ಅವನಿಗೆ ಕಲಿಸಿದ್ದು ಅವನ ಇಟಾಲಿಯನ್ ಅಜ್ಜಿ, ಕೆಟ್ಟ ಕಣ್ಣು ತಾಗದೇ ಇರಲಿ ಅಂತ. ಅಂದ್ರೆ ಅರಮನೆ ಮೈದಾನದಲ್ಲಿ ಸಾವಿರಾರು ಜನ ನಿಂತ್ಕೊಂಡು ನೀವು ಮಾಡಿದ್ದು ಸಾಮೂಹಿಕ ದೃಷ್ಟಿ ತೆಗೆಯೋ ಕಾರ್ಯಕ್ರಮ. ಉಪ್ಪು, ಮೆಣಸಿನಕಾಯಿ ಒಂದು ಕಡಿಮೆ.

ಅರಮನೆ ಮೈದಾನ ಅಂದೆ ನೋಡಿ, ನಿಮ್ಮ ಕಿವಿ ನೆಟ್ಟಗಾಯ್ತು. 2007ರ ಮಾರ್ಚ್ 17, ಐರನ್ ಮೇಡನ್ ಬ್ಯಾಂಡಿನ ಶೋ. "ನಾನಿದ್ದೆ" ಅಂತೀರಿ, ಗೊತ್ತು. ನಾನಿದ್ದೆ ಅನ್ನೋರನ್ನೆಲ್ಲ ಒಟ್ಟು ಹಾಕಿದ್ರೆ ಮೈದಾನ ಹೆಬ್ಬಾಳದ ಕೆರೆ ದಾಟಬೇಕು. ಇರ್ಲಿ, ನಂಬಿದೆ. ನೀವು ಗಂಟಲು ಹರ್ಕೊಂಡು 666 ಅಂತ ಕೂಗ್ತಿದ್ರಲ್ಲ, ಆಗ ಹಿಂದೆ ಡ್ರಮ್ ಬಾರಿಸ್ತಿದ್ದ ನಿಕೋ ಮೆಕ್‌ಬ್ರೇನ್ 1999ರಿಂದ ನಿಷ್ಠೆಯ ಕ್ರೈಸ್ತ.

ಆ 666 ತಾನೇ ಎಲ್ಲಿಂದ ಬಂತು? ಬೈಬಲಿನ ಕೊನೇ ಪುಸ್ತಕ ಪ್ರಕಟನೆ, 13ನೇ ಅಧ್ಯಾಯ, 18ನೇ ವಚನ. ನಿಮಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಗೊತ್ತು. ಈಗ ಗೀತೆಯ 13ನೇ ಅಧ್ಯಾಯದ ಯಾವುದಾದ್ರೂ ಒಂದು ಶ್ಲೋಕ ಹೇಳಿ ನೋಡೋಣ? ಹ್ಞಾಂ, ಕೆಮ್ಮು ಬಂತು. ನೀರು ಕುಡೀರಿ.

ಹತ್ರ ಬನ್ನಿ, ಇನ್ನೂ ಇದೆ. 2001ರಲ್ಲಿ "ದೇವರಿಗೆ ನಮ್ಮನ್ನ ಕಂಡ್ರೆ ಆಗಲ್ಲ" ಅಂತ ರೆಕಾರ್ಡಿಗೇ ಹೆಸರಿಟ್ಟ ಸ್ಲೇಯರ್ ಇದೆಯಲ್ಲ, ಅದರ ಗಾಯಕ ಟಾಮ್ ಅರಾಯ ಕ್ಯಾಥೊಲಿಕ್. ವೇದಿಕೆ ಮೇಲೆ ತಲೆ ಕತ್ತರಿಸ್ಕೊಳ್ಳೋ ಆಲಿಸ್ ಕೂಪರ್ ಪಾದ್ರಿಯ ಮಗ, ತಾನೂ ನಂಬಿಕಸ್ಥ. ಮೆಗಾಡೆತ್‌ನ ಡೇವ್ ಮಸ್ಟೇನ್ ಮತ್ತೆ ಕ್ರೈಸ್ತನಾದ ಮೇಲೆ, ಮಾಟಮಂತ್ರದ ಹಾಡು ಅಂತ ದ ಕಾಂಜ್ಯುರಿಂಗ್ ಅನ್ನ ವರ್ಷಾನುಗಟ್ಟಲೆ ವೇದಿಕೆ ಮೇಲೆ ನುಡಿಸಲೇ ಇಲ್ಲ. 2018ರಲ್ಲಿ ಮನಸ್ಸು ಬದಲಾಯ್ತು. (ಶ್ರಾವಣದಲ್ಲಿ ನೀವು ಎಗ್ ಪಫ್ ಬಿಟ್ಟು ಆಮೇಲೆ ಹಿಡಿದ ಹಾಗೆ. ನಗಬೇಡಿ.)

ಕ್ಯಾಲಿಫೋರ್ನಿಯಾದ ಸ್ಟ್ರೈಪರ್ ಬ್ಯಾಂಡಂತೂ ಜೇನುನೊಣದ ಥರ ಹಳದಿ ಕಪ್ಪು ಪಟ್ಟೆ ಬಟ್ಟೆ ಹಾಕ್ಕೊಂಡು, ವೇದಿಕೆಯಿಂದ ಜನರ ಮೇಲೆ ಬೈಬಲ್ ಎಸೀತಿತ್ತು. ನೀವು ಅವರನ್ನ ಬಾಯ್ತುಂಬ ಗೇಲಿ ಮಾಡ್ತೀರಿ, ಮಾಡಿ. ಆದ್ರೆ 1986ರ ಟು ಹೆಲ್ ವಿತ್ ದ ಡೆವಿಲ್ ಇಯರ್‌ಫೋನಲ್ಲಿ ಗುಟ್ಟಾಗಿ ಕೇಳಿದ್ದೀರಿ. ಆ ಕೀಚಲು ದನಿ ಎಷ್ಟು ಚೆನ್ನಾಗಿದೆ ಅಂತ ನನಗೂ ಗೊತ್ತು.

ಅಂದ ಹಾಗೆ, ಓಝಿ ಹೋದ ದಿನ (2025ರ ಜುಲೈ 22, ಹದಿನೇಳು ದಿನದ ಹಿಂದಷ್ಟೇ ಹುಟ್ಟಿದೂರಿನ ವಿಲ್ಲಾ ಪಾರ್ಕಿನಲ್ಲಿ ಕುರ್ಚಿ ಮೇಲೆ ಕೂತೇ ಹಾಡಿದ್ದ) ನೀವು ಸ್ಟೇಟಸ್ ಹಾಕಿದ್ರಲ್ಲ, ನಾನು ನೋಡಿದೆ. ಕತ್ತಲ ರಾಜಕುಮಾರನ ಫೋಟೋ, ಕೆಳಗೊಂದು ಉರಿಯೋ ದೀಪ, "ಓಂ ಶಾಂತಿ, ಸದ್ಗತಿ ಸಿಗಲಿ". ಯಾವ ಗತಿ ಸ್ವಾಮಿ? ಯಾರ ಹತ್ರ ಶಿಫಾರಸು ಮಾಡಿದ್ರಿ?

ನೀವು ರೆಕಾರ್ಡ್ ಹಾಕೋ ವೈಖರಿಯನ್ನೂ ನೋಡಿದ್ದೀನಿ. ಅಂಚಲ್ಲೇ ಹಿಡೀಬೇಕು, ನಡುವೆ ಬೆರಳು ತಾಗಂಗಿಲ್ಲ, ಮೈಕ್ರೋಫೈಬರ್ ಬಟ್ಟೆ ಬೇರೆ ಯಾವುದಕ್ಕೂ ಬಳಸಂಗಿಲ್ಲ. ಮಗು ಮುಟ್ಟೋಕೆ ಬಂದ್ರೆ "ಏಯ್, ದೂರ ದೂರ!" ಇದೇ ದನಿ ಎಲ್ಲೋ ಕೇಳಿದೀನಲ್ಲ ಅಂದ್ಕೊಂಡೆ. ಮಡಿ ಸೀರೆಯನ್ನ ಕೋಲಲ್ಲಿ ಎತ್ತಿ ಗಳುವಿಗೆ ಹಾಕ್ತಿದ್ದ ಅಜ್ಜಿ! ಟರ್ನ್‌ಟೇಬಲ್ ಶುಕ್ರವಾರ ಹತ್ತೂಮುಕ್ಕಾಲಿಗೆ ಬಂತು ಅಂತ ಹನ್ನೆರಡು ಹೊಡೆಯೋ ತನಕ ಡಬ್ಬ ಬಿಚ್ಚಲಿಲ್ಲ ನೀವು. ರಾಹುಕಾಲ ಕಳೀಲಿ ಅಂತ ತಾನೇ? ಆಮೇಲೆ ಅದರ ಮೇಲೆ ಮೊದಲು ಸುತ್ತಿದ್ದು ಬ್ಲ್ಯಾಕ್ ಸಬ್ಬತ್.

ಅಭಿಪ್ರಾಯಗಳಂತೂ ಕೇಳಲೇಬೇಡಿ. "ಓಝಿ ಇದ್ದ ಮೊದಲ ಆರು ರೆಕಾರ್ಡು ಬಿಟ್ರೆ ಸಬ್ಬತ್ ಇಲ್ಲ" ಅನ್ನೋರು ನೀವು. "1980ರಲ್ಲಿ ಡಿಯೋ ಬಂದು ಹೆವನ್ ಅಂಡ್ ಹೆಲ್ ಹಾಡಿದ ಮೇಲೇ ಬ್ಯಾಂಡಿಗೆ ಗಂಟಲು ಬಂತು" ಅನ್ನೋನು ನಾನು. ಶ್ರೀವೈಷ್ಣವರಲ್ಲಿ ವಡಗಲೆ ತೆಂಗಲೆಯವರು ದೇವಸ್ಥಾನದ ಆನೆಗೆ ಯಾವ ನಾಮ ಇಡೋದು ಅಂತ ಕಿತ್ತಾಡಿದ್ದು ಇದಕ್ಕಿಂತ ಶಾಂತವಾಗಿತ್ತು. (ಸರಿ ಇರೋದು ನಾನೇ, ಆ ಮಾತು ಬೇರೆ.)

ನಿಜವಾಗಿ ನಂಬಿಕೆ ಬಿಟ್ಟವರ ಕಥೆ ಇಷ್ಟು ಸಲೀಸಾಗಿಲ್ಲ. ಫ್ಲಾರಿಡಾದ ಟ್ಯಾಂಪಾದಲ್ಲಿ ಅಂಡರ್‌ಓತ್ ಅಂತ ಬ್ಯಾಂಡು, ಯೇಸುವಿನ ಹೆಸರಲ್ಲಿ ಕಿರುಚ್ತಿದ್ದ ಹುಡುಗರು. 2006ರಲ್ಲಿ ಅವರ ರೆಕಾರ್ಡು ಅಮೆರಿಕದ ಪಟ್ಟಿಯಲ್ಲಿ ಎರಡನೇ ಜಾಗಕ್ಕೇ ಹತ್ತಿತ್ತು. 2018ರಲ್ಲಿ ಇನ್ನೊಂದು ರೆಕಾರ್ಡು ತಂದು, ನಾವಿನ್ನು ಕ್ರೈಸ್ತ ಬ್ಯಾಂಡಲ್ಲ ಅಂದ್ರು. ಅದರ ಒಂದು ಹಾಡಲ್ಲಿ ಒಂದು ಕೆಟ್ಟ ಬೈಗುಳ. ಒಂದೇ ಪದ! ಅದನ್ನ ಕೇಳಿ ಎದೆ ಹಿಡ್ಕೊಂಡ ಅಭಿಮಾನಿಗಳಿದ್ದಾರೆ. ಆ ಪದ ನೀವು ಸಿಲ್ಕ್ ಬೋರ್ಡ್ ದಾಟೋದ್ರೊಳಗೆ ನಾಲ್ಕು ಸಲ ಅಂದಿರ್ತೀರಿ.

ಡೇವಿಡ್ ಬಝಾನ್ ಅಂತ ಸಿಯಾಟಲ್ ಕಡೆಯವನು, ಪೆಡ್ರೋ ದ ಲಯನ್ ಬ್ಯಾಂಡಿನವನು. ಅಪ್ಪ ಚರ್ಚಿನಲ್ಲಿ ಸಂಗೀತ ನೋಡ್ಕೊಳ್ತಿದ್ದ ಪಾದ್ರಿ. 2009ರ ಕರ್ಸ್ ಯುವರ್ ಬ್ರಾಂಚಸ್ ರೆಕಾರ್ಡಿನಲ್ಲಿ ದೇವರ ಜೊತೆಗೇ ಜಗಳಕ್ಕೆ ಕೂತ. ಡಿಸ್ಟಾರ್ಷನ್ ಇಲ್ಲ, ಕಿರುಚಾಟ ಇಲ್ಲ, ನೀವು ಇದನ್ನ ಹೆವಿ ಅಂತ ಒಪ್ಪಲ್ಲ. ತೂಕಕ್ಕೆ ಹಾಕಿ ನೋಡಿ, ನಿಮ್ಮ ಮುಳ್ಳುಬೇಲಿ ಬ್ಯಾಂಡು ತಕ್ಕಡಿಯಲ್ಲಿ ಮೇಲೆ ಹೋಗುತ್ತೆ. ಬಿಡೋ ಬೇಜಾರು, ಕುಡಿತ, ಮಗಳ ಮುಂದೆ ನಿಂತ್ಕೊಳ್ಳೋ ಸಂಕಟ, ಎಲ್ಲ ಅದರಲ್ಲಿದೆ.

ನಾರ್ವೆಯ ಬ್ಲ್ಯಾಕ್ ಮೆಟಲ್ ಹುಡುಗರ ವಿಷಯ ಎತ್ತಬೇಡಿ. 1992ರ ಜೂನ್ 6ಕ್ಕೆ ಬರ್ಗೆನ್ ಹತ್ರ ಫಾಂಟಾಫ್ಟ್‌ನ ಮರದ ಚರ್ಚು ಸುಟ್ಟು ಹೋಯ್ತು, ಹನ್ನೆರಡನೇ ಶತಮಾನದ್ದು. ಆ ಬೂದಿಯ ಫೋಟೋನೇ ಒಂದು ರೆಕಾರ್ಡಿನ ಕವರ್ ಆಯ್ತು. ನಮ್ಮ ಬಳ್ಳಿಗಾವಿಯ ಗುಡಿಗೆ ಯಾರೋ ಸೀಮೆಎಣ್ಣೆ ಸುರಿದು ಹಾಡು ಕಟ್ಟಿದ್ರೆ ಅದನ್ನ ಬಂಡಾಯ ಅಂತಿದ್ರಾ? ನನಗೆ ಇಲ್ಲಿ ತಮಾಷೆ ಹೊಳೆಯಲ್ಲ, ಮುಂದಕ್ಕೆ ಹೋಗೋಣ.

ನನ್ನ ಗೆಳೆಯನೊಬ್ಬನಿದ್ದಾನೆ, ಮಂಗಳೂರು ಬಲ್ಮಠದ ಕಡೆಯವನು. 1834ರಲ್ಲಿ ಬಾಸೆಲ್ ಮಿಷನ್ನಿನವರು ಬಂದ ಮೇಲೆ ಕ್ರೈಸ್ತರಾದ ಮನೆತನ. ನಮ್ಮ ಗುಂಪಿನಲ್ಲಿ ರೆಕಾರ್ಡಿನ ಗಂಟು ದೊಡ್ಡದಿರೋದು ಅವನ ಹತ್ರಾನೇ. ಇಪ್ಪತ್ತನಾಲ್ಕನೇ ವಯಸ್ಸಿಗೆ ಒಂದು ಭಾನುವಾರ, ನಾನಿನ್ನು ಚರ್ಚಿಗೆ ಬರಲ್ಲ ಅಂತ ಅಪ್ಪನ ಮುಂದೆ ಹೇಳಿದ. ಅಪ್ಪ ಬೈಯಲಿಲ್ಲ. ಆರು ತಿಂಗಳು ಭಾನುವಾರದ ಊಟಕ್ಕೆ ಮೇಜಿನ ಮೇಲೆ ಮಾತಿರಲಿಲ್ಲ, ಅಷ್ಟೇ. ಕ್ರಿಸ್ಮಸ್ ಹಿಂದಿನ ರಾತ್ರಿ ಮಾತ್ರ ಈಗಲೂ ಹೋಗಿ ಹಿಂದಿನ ಸಾಲಲ್ಲಿ ನಿಂತ್ಕೊಂಡು ಹಾಡ್ತಾನೆ. ಯಾಕೋ ಅಂದ್ರೆ, "ಬೇಸ್ ಹಾಡೋಕೆ ಜನ ಇಲ್ಲ ಮಾರಾಯ" ಅಂತಾನೆ.

ಅವನ ಹುಟ್ಟುಹಬ್ಬಕ್ಕೆ ನಾನು ಅಂಥದ್ದೇ ಒಂದು ಶಿಲುಬೆ ಶರ್ಟು ಕೊಟ್ಟೆ, ದೊಡ್ಡದಾಗಿ ಪ್ಯಾಕ್ ಮಾಡಿಸಿ. ಬಿಚ್ಚಿ ನೋಡಿದ, ನಕ್ಕ, ಹಾಗೇ ಮಡಿಚಿ ವಾಪಸ್ ಕೊಟ್ಟ. "ಇದನ್ನು ಒಗೆಯುವುದು ನನ್ನ ಅಮ್ಮ ಅಲ್ವಾ ಮಾರಾಯ" ಅಂದ.

ಹಾಗಾಗಿ ಆ ಶರ್ಟು ನನ್ನ ಹತ್ರಾನೇ ಉಳೀತು. ಹೋದ ವರ್ಷ ಮಳೆಗಾಲದಲ್ಲಿ ಒಗೆದು ಟೆರೇಸ್ ಮೇಲೆ ಒಣಗಾಕಿದ್ವಿ, ಕೆಳಗಿನ ಅಂಚಿಗೆ ಕ್ಲಿಪ್ ಸಿಕ್ಕಿಸಿ. ಸಾಯಂಕಾಲ ತರೋಕೆ ಹೋದ್ರೆ ಎದುರುಮನೆ ಟೆರೇಸಿನಿಂದ ರಿಟೈರ್ಡ್ ಟೀಚರಮ್ಮ ಕೈ ಬೀಸ್ತಿದ್ದಾರೆ. ಹತ್ತು ವರ್ಷದಿಂದ ಬರೀ ನಗು ಅಷ್ಟೇ ಇತ್ತು ನಮ್ಮ ಮಧ್ಯೆ. "ನೀವೂ ನಮ್ಮೋರು ಅಂತ ಗೊತ್ತೇ ಇರ್ಲಿಲ್ಲ! ಯಾವ ಚರ್ಚಿಗೆ ಹೋಗ್ತೀರಿ?" ಅಂದ್ರು.

ತಿರುಗಿ ತಂತಿ ನೋಡಿದೆ. ಶರ್ಟು ತಲೆಕೆಳಗಾಗಿ ನೇತಾಡ್ತಿತ್ತು. ಶಿಲುಬೆ ನೆಟ್ಟಗೆ ನಿಂತಿತ್ತು.

"ಸೇಂಟ್ ಪೀಟರ್ಸ್" ಅಂದ್ಬಿಟ್ಟೆ. ಡಿಸೆಂಬರಲ್ಲಿ ಒಂದು ಡಬ್ಬಿ ತುಂಬ ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿ ಬಂತು, ಜೊತೆಗೆ ಕೇಕು. ತಿಂದೆ ಕೂಡ. (ಬಿಡೋಕಾಗುತ್ತಾ?)